ಕಲಂ 67ರಲ್ಲಿ ಕಾಣೆಯಾದ ಅಂಕಿ

2016ರ ಏಪ್ರಿಲ್ 25ರಂದು ಬ್ರಿಟನ್ನಿನ ಕೆಳಮನೆಯಲ್ಲಿ ವಲಸೆ ಮಸೂದೆಯ ಒಂದು ತಿದ್ದುಪಡಿ ಹದಿನೆಂಟು ಮತಗಳಿಂದ ಬಿದ್ದುಹೋಯಿತು. ಅದನ್ನು ಕೈಬಿಡಬೇಕೆಂದವರು 294 ಮಂದಿ, ಉಳಿಸಿಕೊಳ್ಳಬೇಕೆಂದವರು 276. ತಿದ್ದುಪಡಿಯಲ್ಲಿ ಇದ್ದದ್ದು ಒಂದೇ ಬೇಡಿಕೆ: ಯುದ್ಧ, ದಬ್ಬಾಳಿಕೆಗಳಿಂದ ತಪ್ಪಿಸಿಕೊಂಡು ಬಂದು, ಹೆತ್ತವರ ಜತೆಯಿಲ್ಲದೆ ಯುರೋಪಿನ ದೇಶಗಳಲ್ಲಿ ಅಲೆಯುತ್ತಿದ್ದ ನಿರಾಶ್ರಿತ ಮಕ್ಕಳಲ್ಲಿ 3,000 ಮಂದಿಯನ್ನು ಸರ್ಕಾರ ಕರೆತಂದು ನೆಲೆ ಕೊಡಬೇಕು. ತಿದ್ದುಪಡಿ ಮಂಡಿಸಿದವರು ಮೇಲ್ಮನೆಯ ಲೇಬರ್ ಪಕ್ಷದ ಸದಸ್ಯ ಆಲ್ಫ್ ಡಬ್ಸ್. ಆದರೆ ಅಂಕಿ ಕೂಡಿಸಿಕೊಟ್ಟವರು, ಸಂಸದರ ಬಾಗಿಲು ಬಡಿದವರು, ಯಾರು ಯಾವ ಕಡೆ ವಾಲುತ್ತಾರೆಂದು ದಿನಾ ಲೆಕ್ಕ ಹಾಕುತ್ತಿದ್ದವರು ಸಂಸತ್ತಿನ ಹೊರಗಿನ ಸಂಸ್ಥೆಗಳ ಜನ.

ನಮ್ಮ ಪತ್ರಿಕೆಗಳಲ್ಲಿ ಲಾಬಿ ಎಂದರೆ ಸಂಪುಟ ವಿಸ್ತರಣೆಯ ಕಾಲಕ್ಕೆ ದೆಹಲಿ ವಿಮಾನ ಹತ್ತುವ ಶಾಸಕರ ಸುದ್ದಿ. ಇಲ್ಲವೇ ಗಣಿಯವರ, ಮದ್ಯದ ದೊರೆಗಳ ಸುದ್ದಿ. ಓಟಿನ ಹಕ್ಕೇ ಇಲ್ಲದವರ ಪರವಾಗಿಯೂ ಲಾಬಿ ನಡೆಯುತ್ತದೆ. ಅದಕ್ಕೂ ಪಟ್ಟುಗಳಿವೆ, ಚೌಕಾಸಿ ಇದೆ, ಗೆದ್ದೂ ಸೋಲುವ ಪ್ರಸಂಗಗಳಿವೆ. ಡಬ್ಸ್ ತಿದ್ದುಪಡಿಯ ಕಥೆ ಅಂಥದ್ದು.

ಆ 3,000 ಎಲ್ಲಿಂದ ಬಂತು? 2015ರಲ್ಲಿ ಯುರೋಪಿಗೆ ಒಂಟಿಯಾಗಿ ಬಂದಿಳಿದ ಮಕ್ಕಳು ಸುಮಾರು 26,000 ಎಂದು ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಅದರಲ್ಲಿ ಬ್ರಿಟನ್ನಿನ ನ್ಯಾಯವಾದ ಪಾಲು 3,000 ಎಂದು ವಾದಿಸಿತು. ಹೀಗೆ ಹುಟ್ಟಿದ ಅಂಕಿ ಮೊದಲು ಪ್ರಚಾರದ ಕರಪತ್ರಕ್ಕೆ, ಆಮೇಲೆ ಸಂಸದರ ಕೈಗೆ ಕೊಡುವ ಟಿಪ್ಪಣಿಗೆ, ಕೊನೆಗೆ ಮಸೂದೆಯ ವಾಕ್ಯಕ್ಕೇ ಇಳಿಯಿತು. ಲಾಬಿಯ ಕೆಲಸದಲ್ಲಿ ಇದು ಮುಖ್ಯ. ‘ಮಕ್ಕಳಿಗೆ ದಯೆ ತೋರಿ’ ಎಂದರೆ ಯಾವ ಮಂತ್ರಿಯಾದರೂ ತಲೆಯಾಡಿಸುತ್ತಾನೆ, ಕಾಫಿಯನ್ನೂ ಕೊಡಿಸುತ್ತಾನೆ. ‘ಇಷ್ಟು ಮಕ್ಕಳು, ಇಂಥ ಕಡೆಯಿಂದ’ ಎಂದರೆ ಹೌದು ಅನ್ನಬೇಕು, ಇಲ್ಲವೇ ಅಲ್ಲ ಅನ್ನಬೇಕು.

ಸರ್ಕಾರದ ಕಡೆಯೂ ವಾದವಿತ್ತು. ಯುರೋಪಿನಿಂದ ಮಕ್ಕಳನ್ನು ಕರೆತಂದರೆ ಇನ್ನಷ್ಟು ತಂದೆತಾಯಂದಿರು ಮಕ್ಕಳನ್ನು ಕಳ್ಳಸಾಗಣೆಗಾರರ ದೋಣಿಗೆ ಹತ್ತಿಸುತ್ತಾರೆ. ಸಿರಿಯಾದ ನೆರೆಯ ಶಿಬಿರಗಳಿಂದ ನೇರವಾಗಿ ಕರೆತರುವುದೇ ಸರಿ. ಹಾಗೆ ಐದು ವರ್ಷದಲ್ಲಿ 20,000 ಮಂದಿಯನ್ನು ತರುತ್ತೇವೆಂದು ಆಗಲೇ ಮಾತು ಕೊಟ್ಟಿದ್ದೇವೆ ಎಂಬುದು ಪ್ರಧಾನಿ ಡೇವಿಡ್ ಕ್ಯಾಮರಾನರ ನಿಲುವು. ಮತದಾನಕ್ಕೆ ಕೆಲವೇ ದಿನ ಇರುವಾಗ ಗೃಹ ಇಲಾಖೆ ಮತ್ತೊಂದು ಯೋಜನೆ ಘೋಷಿಸಿತು. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದಿಂದ ಅಪಾಯದಲ್ಲಿರುವ ಮಕ್ಕಳನ್ನೂ ಅವರ ಕುಟುಂಬದವರನ್ನೂ ಕರೆತರುವ ಯೋಜನೆ ಅದು. ಎಷ್ಟು ಮಂದಿಯನ್ನು? 3,000ದವರೆಗೆ. ಅದೇ ಅಂಕಿ, ಬೇರೆ ಜಾಗ! ಎದುರಾಳಿ ಕೂಗುತ್ತಿರುವ ಸಂಖ್ಯೆಯನ್ನೇ ಎತ್ತಿಕೊಂಡು ಅದರ ಅರ್ಥ ಬದಲಿಸಿಬಿಡುವುದು ಹಳೆಯ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತಿರುವ ಪಟ್ಟು. ಏಪ್ರಿಲ್ 25ರಂದು ಅದು ಕೆಲಸ ಮಾಡಿತು.

ಡಬ್ಸ್ ಯಾರೆಂದು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. 1939ರಲ್ಲಿ ಹಿಟ್ಲರನ ಸೇನೆ ಪ್ರಾಗ್ ನಗರಕ್ಕೆ ನುಗ್ಗಿದಾಗ ಆತ ಆರು ವರ್ಷದ ಹುಡುಗ. ಯಹೂದಿ ತಂದೆ ಆಗಲೇ ಲಂಡನ್ನಿಗೆ ತಪ್ಪಿಸಿಕೊಂಡಿದ್ದರು. ನಿಕೊಲಸ್ ವಿಂಟನ್, ಡೊರೀನ್ ವಾರಿನರ್, ಟ್ರೆವರ್ ಚಾಡ್ವಿಕ್ ಮೊದಲಾದವರು ಸೇರಿ ಪ್ರಾಗ್‌ನಿಂದ ಹೊರಡಿಸಿದ ರೈಲುಗಳಲ್ಲಿ ಪಾರಾದ 669 ಮಕ್ಕಳಲ್ಲಿ ಡಬ್ಸ್ ಒಬ್ಬರು. ತಾಯಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬೀಳ್ಕೊಟ್ಟರು. ರೈಲಿನಲ್ಲಿ ತಿನ್ನಲೆಂದು ಕೊಟ್ಟಿದ್ದ ಬುತ್ತಿಯ ಚೀಲವನ್ನು ಲಂಡನ್ ಮುಟ್ಟುವವರೆಗೂ ಬಿಚ್ಚಿರಲಿಲ್ಲ ಎಂದು ಡಬ್ಸ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ತಂದೆ ಕಾದಿದ್ದರು. ತಾಯಿಯೂ ಕೆಲಕಾಲದಲ್ಲೇ ಬಂದು ಸೇರಿಕೊಂಡರು. ಆ ರೈಲುಗಳ ಬಹುಪಾಲು ಮಕ್ಕಳಿಗೆ ಈ ಭಾಗ್ಯ ಇರಲಿಲ್ಲ. ಮುಂದೆ ಡಬ್ಸ್ ಸಂಸದರಾದರು, ಸೋತರು, 1988ರಿಂದ 1995ರವರೆಗೆ ನಿರಾಶ್ರಿತರ ಪರ ಕೆಲಸ ಮಾಡುವ ‘ರೆಫ್ಯೂಜಿ ಕೌನ್ಸಿಲ್’ನ ನಿರ್ದೇಶಕರಾಗಿದ್ದರು, ಅದೇ ಹೊತ್ತಿನಲ್ಲಿ, 1994ರಲ್ಲಿ, ಮೇಲ್ಮನೆಗೆ ಬಂದರು. ಅಂದರೆ ಬಾಗಿಲ ಹೊರಗೆ ನಿಂತು ಅಹವಾಲು ಕೊಡುವುದು ಹೇಗೆ, ಒಳಗೆ ಕೂತು ಕೇಳಿಸಿಕೊಳ್ಳುವುದು ಹೇಗೆ, ಎರಡೂ ಬಲ್ಲ ಮನುಷ್ಯ.

ಡಬ್ಸ್‌ರನ್ನು ಉಳಿಸಿದ ರೈಲುಗಳ ಹಿಂದೆಯೂ ಒಂದು ಲಾಬಿಯೇ ಇತ್ತು. 1938ರ ನವೆಂಬರ್ 9–10ರ ರಾತ್ರಿ ಜರ್ಮನಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಅಂಗಡಿಗಳು ಪುಡಿಯಾದವು. ಐದೇ ದಿನದಲ್ಲಿ ಬ್ರಿಟನ್ನಿನ ಯಹೂದಿ ಮುಖಂಡರ ನಿಯೋಗ ಪ್ರಧಾನಿ ಚೇಂಬರ್ಲೇನರನ್ನು ಕಂಡಿತು. ಅವರು ಖಚಿತವಾಗಿ ಏನನ್ನೂ ಹೇಳಲಿಲ್ಲ. ಆಗ ಕ್ವೇಕರ್ ಪಂಥದ ಕೆಲವರು ಬರ್ಲಿನ್ನಿಗೆ ಹೋದರು. ಬ್ರಿಟಿಷ್ ಯಹೂದಿಗಳಿಗೆ ಅಲ್ಲಿಗೆ ಕಾಲಿಡುವುದೇ ಅಪಾಯವಾಗಿದ್ದ ಕಾಲ. ಹಾಗಾಗಿ ಕ್ರೈಸ್ತರಾದ ಕ್ವೇಕರರು ಹೊರಟರು. ಅಲ್ಲಿನ ತಂದೆತಾಯಂದಿರನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: ನೀವು ಬರಲಾಗುವುದಿಲ್ಲ, ಮಕ್ಕಳನ್ನು ಮಾತ್ರ ಕಳಿಸುತ್ತೀರಾ? ಹೆಚ್ಚುಕಡಿಮೆ ಎಲ್ಲರೂ ಕಳಿಸುತ್ತೇವೆ ಎಂದರು.

ನವೆಂಬರ್ 21ರಂದು ಕ್ವೇಕರರೂ ಯಹೂದಿ ಮುಖಂಡರೂ ಸೇರಿ ಗೃಹ ಸಚಿವ ಸರ್ ಸ್ಯಾಮ್ಯುಯೆಲ್ ಹೋರ್ ಅವರನ್ನು ಭೇಟಿಯಾದರು. ಅದೇ ದಿನ ಕೆಳಮನೆಯಲ್ಲಿ ಫಿಲಿಪ್ ನೋಯಲ್-ಬೇಕರ್ ಎತ್ತಿದ್ದ ನಿರಾಶ್ರಿತರ ಚರ್ಚೆ ಇತ್ತು. ಬರ್ಲಿನ್ನಿನಿಂದ ಬಂದ ಕ್ವೇಕರರು ಹೇಳಿದ್ದನ್ನೇ ಮಂತ್ರಿ ಸಭೆಗೆ ಹೇಳಿ, ಮಕ್ಕಳು ಬರಬಹುದು ಎಂದರು. ಹೊಸ ಕಾಯ್ದೆ ಬೇಕಾಗಲಿಲ್ಲ. ಮಾಮೂಲು ವೀಸಾದ ಗೊಡವೆ ಇಲ್ಲ. ಮಗುವಿಗೊಂದು ಗುರುತಿನ ಕಾರ್ಡು ಸಾಕು. ಡಿಸೆಂಬರ್ 2ರಂದು ಮೊದಲ ಗುಂಪು ಹಾರ್ವಿಚ್ ಬಂದರಿನಲ್ಲಿ ಇಳಿದೇಬಿಟ್ಟಿತು. ಭೇಟಿಯಿಂದ ಹಡಗಿಗೆ ಹನ್ನೊಂದು ದಿನ. ಈ ವೇಗವನ್ನು ಇವತ್ತಿನ ಯಾವ ಸರ್ಕಾರದಲ್ಲೂ ಊಹಿಸಿಕೊಳ್ಳುವುದು ಕಷ್ಟ.

ಡಿಸೆಂಬರ್ 8ರಂದು ಮಾಜಿ ಪ್ರಧಾನಿ ಲಾರ್ಡ್ ಬಾಲ್ಡ್ವಿನ್ ಬಿ.ಬಿ.ಸಿ. ರೇಡಿಯೋದಲ್ಲಿ ನಿರಾಶ್ರಿತರಿಗಾಗಿ ಹಣ ಬೇಡಿದರು. ಆ ನಿಧಿಗೆ ಸುಮಾರು 5 ಲಕ್ಷ ಪೌಂಡು ಬಂದು ಬಿತ್ತು.

ಹಣದ ಮಾತು ಯಾಕೆ ಎಂದರೆ, 1938ರ ಒಪ್ಪಂದದ ಬೆನ್ನೆಲುಬೇ ಅದು. ಮಕ್ಕಳ ಖರ್ಚು ಸರ್ಕಾರದ ಬೊಕ್ಕಸಕ್ಕೆ ತಟ್ಟುವುದಿಲ್ಲ ಎಂದು ಸಂಸ್ಥೆಗಳು ಬರೆದುಕೊಟ್ಟಿದ್ದವು. ಆಮೇಲೆ ಪ್ರತಿ ಮಗುವಿಗೂ 50 ಪೌಂಡಿನ ಠೇವಣಿಯೂ ಬಂತು; ಮುಂದೆ ಆ ಮಗು ಬೇರೆ ದೇಶಕ್ಕೆ ಹೋಗಲು ತಗಲುವ ವೆಚ್ಚ ಅದು. ಇಷ್ಟಕ್ಕೆ ಪ್ರತಿಯಾಗಿ ಸರ್ಕಾರ ಎಷ್ಟು ಮಕ್ಕಳು ಎಂಬ ಮಿತಿ ಹಾಕಲಿಲ್ಲ. ಸಂಖ್ಯೆಯ ಜಾಗ ಖಾಲಿ. ಆ ಖಾಲಿ ಜಾಗವನ್ನು ಸಂಸ್ಥೆಗಳು ತಮ್ಮ ಕೈಲಾದಷ್ಟು ತುಂಬಿದವು. ಯುದ್ಧ ಶುರುವಾಗುವ ಹೊತ್ತಿಗೆ ಹತ್ತಿರ ಹತ್ತಿರ 10,000 ಮಕ್ಕಳು ಬಂದಿದ್ದರು. ತಂದೆತಾಯಂದಿರಿಗೆ ಮಾತ್ರ ಪ್ರವೇಶವಿಲ್ಲ. ಈ ಷರತ್ತನ್ನು ಮರೆತು ಆ ಗಳಿಗೆಯನ್ನು ಬ್ರಿಟನ್ನಿನ ಔದಾರ್ಯವೆಂದು ಹೊಗಳುವವರು ಇವತ್ತಿಗೂ ಬಹಳ.

ಅದೇ ಚಳಿಗಾಲದಲ್ಲಿ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಕಥೆ ಬೇರೆಯಾಯಿತು. ಅಮೆರಿಕದಲ್ಲಿ ಪ್ರತಿ ದೇಶದಿಂದ ವರ್ಷಕ್ಕೆ ಇಷ್ಟೇ ಜನ ಎಂಬ ಕೋಟಾವನ್ನು 1924ರ ಕಾಯ್ದೆಯೇ ಕಟ್ಟಿಹಾಕಿತ್ತು. ಹಾಗಾಗಿ ಮಂತ್ರಿಯ ಮಾತು ಸಾಲದು, ಕಾಂಗ್ರೆಸ್ಸೇ ಕಾನೂನು ಮಾಡಬೇಕು. 1939ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಸೆನೆಟರ್ ರಾಬರ್ಟ್ ವ್ಯಾಗ್ನರ್, ರಿಪಬ್ಲಿಕನ್ ಸದಸ್ಯೆ ಎಡಿತ್ ನೌರ್ಸ್ ರಾಜರ್ಸ್ ಸೇರಿ ಮಸೂದೆ ತಂದರು: ಹದಿನಾಲ್ಕು ವರ್ಷದೊಳಗಿನ 20,000 ಮಕ್ಕಳನ್ನು ಎರಡು ವರ್ಷದಲ್ಲಿ, ಕೋಟಾದ ಹೊರಗೆ, ಬಿಟ್ಟುಕೊಳ್ಳಬೇಕು. ಇಲ್ಲೂ ಕ್ವೇಕರರಿದ್ದರು, ಎರಡು ದೊಡ್ಡ ಕಾರ್ಮಿಕ ಒಕ್ಕೂಟಗಳ ಬೆಂಬಲವಿತ್ತು, ಹೆಸರಾಂತ ನಟಿ ಹೆಲೆನ್ ಹೇಯ್ಸ್ ಸಮಿತಿಯ ಮುಂದೆ ಬಂದು ಸಾಕ್ಷಿ ಹೇಳಿದರು.

ಎದುರು ಬಣ ಇನ್ನೂ ಗಟ್ಟಿಯಾಗಿತ್ತು. ಮಾಜಿ ಸೈನಿಕರ ‘ಅಮೆರಿಕನ್ ಲೀಜನ್’, ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’, ಹತ್ತಾರು ದೇಶಭಕ್ತ ಸಂಘಗಳ ಒಕ್ಕೂಟ, ಎಲ್ಲರೂ ವಾಷಿಂಗ್ಟನ್ನಿಗೆ ಬಂದರು. ನಮ್ಮ ಮಕ್ಕಳೇ ಹಸಿದಿರುವಾಗ ಪರದೇಶದವರ ಮಕ್ಕಳೇಕೆ ಎಂಬುದು ಅವರ ವಾದ. ಅವರಿಗೆ ಆ 20,000 ಎಂಬ ಅಂಕಿ ಒಳ್ಳೆಯ ಗುರಿಯಾಯಿತು. ಇಪ್ಪತ್ತು ಸಾವಿರ ಮಕ್ಕಳು ನಾಳೆ ಇಪ್ಪತ್ತು ಸಾವಿರ ದೊಡ್ಡವರಾಗುತ್ತಾರಲ್ಲ ಎಂಬ ಧಾಟಿಯ ಮಾತು ವಾಷಿಂಗ್ಟನ್ನಿನ ಔತಣಕೂಟಗಳವರೆಗೂ ಹೋಗಿತ್ತು. 1939ರ ಜನವರಿಯ ಗ್ಯಾಲಪ್ ಸಮೀಕ್ಷೆಯಲ್ಲಿ, ಇದರರ್ಧದಷ್ಟು, 10,000 ಮಕ್ಕಳನ್ನು ಕರೆತರುವುದಕ್ಕೇ ಶೇ. 61 ಮಂದಿ ಬೇಡವೆಂದಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ ಬಾಯಿ ಬಿಡಲಿಲ್ಲ. ಮಸೂದೆಯ ಬಗ್ಗೆ ಅವರ ಅಭಿಪ್ರಾಯ ಕೇಳಿ ಬಂದ ಟಿಪ್ಪಣಿಯನ್ನು, ಕ್ರಮ ಬೇಡ, ಫೈಲು ಮಾಡಿ ಎಂದು ಬರೆದು ಮುಗಿಸಿದರು. ಸಮಿತಿಯಲ್ಲಿ ಮಸೂದೆಯನ್ನು ಕೋಟಾದ ಒಳಗೇ ಮಕ್ಕಳಿಗೆ ಆದ್ಯತೆ ಎಂದು ತಿರುಚಿದರು. ಹಾಗಾದರೆ ಒಬ್ಬರು ದೊಡ್ಡವರನ್ನು ತಳ್ಳಿ ಒಂದು ಮಗುವನ್ನು ತಂದಂತೆ ಎಂದು ವ್ಯಾಗ್ನರ್ ಅದನ್ನು ಕೈಬಿಟ್ಟರು. ಮರುವರ್ಷ ಲಂಡನ್ನಿನ ಮೇಲೆ ಬಾಂಬು ಬೀಳುವ ಭಯ ಬಂದಾಗ, ಬ್ರಿಟಿಷ್ ಮಕ್ಕಳಿಗಾಗಿ ಅದೇ ಅಮೆರಿಕ ವೀಸಾ ನಿಯಮಗಳನ್ನು ವಾರಗಳಲ್ಲಿ ಸಡಿಲಿಸಿತು. ಮಕ್ಕಳಿಗೆ ಜಾಗವಿರಲಿಲ್ಲ ಎನ್ನುವಂತಿಲ್ಲ.

ಭಾರತದಲ್ಲಿ ಇಂಥ ಲಾಬಿ ಹಿಡಿದುಕೊಳ್ಳಲು ಒಂದು ಕಲಮ್ಮೂ ಇಲ್ಲ. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾಯ್ದೆಯನ್ನೂ ಮಾಡಿಕೊಂಡಿಲ್ಲ. ಬೈಲುಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ, ಹುಣಸೂರಿನ ಬಳಿ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಟಿಬೆಟಿಯನ್ನರು ನೆಲೆಸಿದ್ದು ದೆಹಲಿಯ ತೀರ್ಮಾನ ಮತ್ತು ಅಂದಿನ ಮೈಸೂರು ರಾಜ್ಯ ಕೊಟ್ಟ ಜಮೀನಿನಿಂದ. ಸಂಸತ್ತು ಮಾಡಿದ ಕಾನೂನಿನಿಂದಲ್ಲ. ಆ ತೀರ್ಮಾನ ಉದಾರವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಬೇರೆ ಗುಂಪಿನವರು ಬಂದಾಗ ಅದೇ ಕೈ ಬಿಗಿಯಾದರೆ ಕೇಳುವ ಹಕ್ಕು ಯಾರಿಗೂ ಇಲ್ಲ. 2015ರಲ್ಲಿ ಶಶಿ ತರೂರ್, ವರುಣ್ ಗಾಂಧಿ, ರವೀಂದ್ರ ಕುಮಾರ್ ಜೇನಾ ಬೇರೆ ಬೇರೆ ಪಕ್ಷದಲ್ಲಿದ್ದುಕೊಂಡೇ ಆಶ್ರಯದ ಬಗ್ಗೆ ಖಾಸಗಿ ಮಸೂದೆಗಳನ್ನು ತಂದರು. ತರೂರ್ 2022ರಲ್ಲಿ ಮತ್ತೊಮ್ಮೆ ಮಂಡಿಸಿದರು. ಖಾಸಗಿ ಸದಸ್ಯರ ಮಸೂದೆ ನಮ್ಮ ಸಂಸತ್ತಿನಲ್ಲಿ ಕೊನೆಯ ಬಾರಿಗೆ ಪಾಸಾದದ್ದು 1970ರಲ್ಲಿ. ಆಶ್ರಯದ ಆ ಮಸೂದೆಗಳ ಗತಿ ಏನಾಗಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಲಂಡನ್ನಿಗೆ. ಹದಿನೆಂಟು ಮತಗಳಿಂದ ಸೋತ ತಿದ್ದುಪಡಿ ಮೇಲ್ಮನೆಗೆ ವಾಪಸು ಬಂತು. ಅಲ್ಲಿ ಒಂದು ತೊಡಕು. ತಿದ್ದುಪಡಿಯಿಂದ ಖಜಾನೆಗೆ ಖರ್ಚು ಬೀಳುತ್ತದೆ, ಹಣದ ವಿಷಯದಲ್ಲಿ ಕೊನೆಯ ಮಾತು ನಮ್ಮದು ಎಂದು ಕೆಳಮನೆ ಕಾರಣ ಕೊಟ್ಟಿತ್ತು. ನಮ್ಮಲ್ಲಿ ಹಣಕಾಸು ಮಸೂದೆಯ ಮುಂದೆ ರಾಜ್ಯಸಭೆ ಕೈಕಟ್ಟಿ ಕೂರುತ್ತದಲ್ಲ, ಹೆಚ್ಚುಕಡಿಮೆ ಅದೇ ರೀತಿ. ಅದೇ ವಾಕ್ಯವನ್ನು ಮತ್ತೆ ಕಳಿಸುವಂತಿಲ್ಲ. ವಾಕ್ಯದಲ್ಲಿ ಖರ್ಚನ್ನು ಎತ್ತಿ ತೋರಿಸುತ್ತಿದ್ದದ್ದು 3,000 ಎಂಬ ಅಂಕಿ. ಡಬ್ಸ್ ಅದನ್ನು ಹೊಡೆದು ಹಾಕಿದರು. ಅದರ ಬದಲು ‘ನಿಗದಿತ ಸಂಖ್ಯೆಯ’ ಮಕ್ಕಳು ಎಂದು ಬಂತು; ಆ ಸಂಖ್ಯೆಯನ್ನು ಸರ್ಕಾರವೇ ಸ್ಥಳೀಯ ಸಂಸ್ಥೆಗಳ ಜತೆ ಸಮಾಲೋಚಿಸಿ ಗೊತ್ತುಮಾಡಬೇಕು ಎಂದು ಸೇರಿತು. ಏಪ್ರಿಲ್ 26ರಂದು ಮೇಲ್ಮನೆ ಇದನ್ನು 279–172ರಿಂದ ಒಪ್ಪಿತು.

ಈಗ ಕೆಳಮನೆಯ ಲೆಕ್ಕ. ಹಿಂದಿನ ವರ್ಷದ ಚುನಾವಣೆಯಲ್ಲಿ ಕ್ಯಾಮರಾನರಿಗೆ ಸಿಕ್ಕಿದ್ದ ಬಹುಮತ ಹನ್ನೆರಡೇ ಸ್ಥಾನ. ಅಂದರೆ ಆಡಳಿತ ಪಕ್ಷದ ಒಂದಿಷ್ಟು ಸಂಸದರು ಕದಲಿದರೆ ಸಾಕು. ಸಂಸ್ಥೆಗಳು ಕೈಹಾಕಿದ್ದು ಅವರಿಗೇ. ‘ಸಿಟಿಜನ್ಸ್ ಯುಕೆ’ಯಂಥ ಸಂಘಟನೆಯ ಬಲ ಇರುವುದು ಊರೂರಿನ ಚರ್ಚು, ಮಸೀದಿ, ಸಿನಗಾಗ್, ಶಾಲೆಗಳ ಸದಸ್ಯತ್ವದಲ್ಲಿ. ಲಂಡನ್ನಿನ ಕಾರ್ಯಕರ್ತನ ಫೋನು ಬಂದರೆ ಸಂಸದ ಸಹಾಯಕನ ಕೈಗೆ ಕೊಡುತ್ತಾನೆ. ತನ್ನ ಕ್ಷೇತ್ರದ ಪಾದ್ರಿಯೋ ಹೆಡ್‌ಮಾಸ್ಟರರೋ ಶನಿವಾರ ಬಂದು ಕುರ್ಚಿ ಎಳೆದು ಕೂತರೆ ಎದ್ದು ಹೋಗಲಾಗುವುದಿಲ್ಲ. ಇದರ ಜತೆಗೆ, ಬಾಲ್ಯದಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ಅದೇ ರೈಲುಗಳಲ್ಲಿ ಬಂದು ಈಗ ಎಂಬತ್ತು ದಾಟಿದ್ದವರು ಪ್ರಧಾನಿಗೆ ಬಹಿರಂಗವಾಗಿ ಪತ್ರ ಬರೆದರು. ಅವರನ್ನು ವಲಸಿಗರ ಹೊರೆ ಎನ್ನುವ ಧೈರ್ಯ ಯಾವ ಪತ್ರಿಕೆಗೂ ಇರಲಿಲ್ಲ. ಮೇ 4ರಂದು, ಸ್ಥಳೀಯ ಚುನಾವಣೆಗಳ ಹಿಂದಿನ ದಿನ, ಕ್ಯಾಮರಾನ್ ಸಂಸತ್ತಿನಲ್ಲೇ ತಿದ್ದುಪಡಿಯನ್ನು ಒಪ್ಪುವುದಾಗಿ ಹೇಳಿದರು. ಮೇ 12ರಂದು ಮಸೂದೆ ಕಾಯ್ದೆಯಾಯಿತು. ಡಬ್ಸ್ ತಿದ್ದುಪಡಿ ಅದರ 67ನೇ ಕಲಂ.

ಎಲ್ಲರೂ ಗೆದ್ದೆವೆಂದುಕೊಂಡರು. ಪತ್ರಿಕೆಗಳು ಆಮೇಲೂ ಬಹಳ ದಿನ ‘3,000 ಮಕ್ಕಳ ಯೋಜನೆ’ ಎಂದೇ ಬರೆದವು. ಆದರೆ ಕಾಯ್ದೆಯಲ್ಲಿ ಆ ಅಂಕಿ ಇರಲಿಲ್ಲವಲ್ಲ!

ಆ ಬೇಸಿಗೆಯಲ್ಲಿ ಕ್ಯಾಮರಾನ್ ಬ್ರೆಕ್ಸಿಟ್ ಮತದಾನದಲ್ಲಿ ಸೋತು ಕೆಳಗಿಳಿದರು. ಅಕ್ಟೋಬರಿನಲ್ಲಿ ಫ್ರಾನ್ಸಿನ ಕ್ಯಾಲೇಯಲ್ಲಿದ್ದ ನಿರಾಶ್ರಿತರ ಶಿಬಿರವನ್ನು ಕೆಡವಿದಾಗ ಒಂದಿಷ್ಟು ಮಕ್ಕಳನ್ನು ಕರೆತಂದರು. ಅವರಲ್ಲಿ 67ನೇ ಕಲಮಿನಡಿ ಬಂದವರು ಸುಮಾರು 200. ಉಳಿದವರು ಬ್ರಿಟನ್ನಿನಲ್ಲಿರುವ ನೆಂಟರ ಬಳಿಗೆ ಬಂದವರು. ಅದು ಬೇರೆ ನಿಯಮ. 2017ರ ಫೆಬ್ರವರಿ 8ರಂದು ಸರ್ಕಾರ ಒಂದು ಲಿಖಿತ ಹೇಳಿಕೆಯಲ್ಲಿ ‘ನಿಗದಿತ ಸಂಖ್ಯೆ’ಯನ್ನು ಪ್ರಕಟಿಸಿತು: 350, ಆಗಲೇ ಬಂದಿದ್ದ 200 ಮಕ್ಕಳೂ ಸೇರಿ. ಸ್ಥಳೀಯ ಸಂಸ್ಥೆಗಳ ಬಳಿ ಇರುವ ಜಾಗವೇ ಅಷ್ಟು ಎಂಬುದು ಕೊಟ್ಟ ಕಾರಣ. ಎರಡು ತಿಂಗಳಾದ ಮೇಲೆ ಗೊತ್ತಾದದ್ದು, ಒಂದು ಪ್ರದೇಶದವರು ಕೊಡುತ್ತೇವೆಂದಿದ್ದ 130 ಜಾಗಗಳನ್ನು ಎಣಿಕೆಯಲ್ಲಿ ಬಿಟ್ಟುಬಿಟ್ಟಿದ್ದಾರೆ. ಇಲಾಖೆ ಇದನ್ನು ‘ಆಡಳಿತಾತ್ಮಕ ತಪ್ಪು’ ಎಂದು ಕರೆಯಿತು. ಸಂಖ್ಯೆ 480 ಆಯಿತು. ನಮ್ಮ ತಾಲ್ಲೂಕು ಕಚೇರಿಗಳಿಗೆ ಮಾತ್ರ ಈ ವಿದ್ಯೆ ಗೊತ್ತು ಎಂದುಕೊಂಡವರು ಸಮಾಧಾನಪಟ್ಟುಕೊಳ್ಳಬಹುದು.

1938ರಲ್ಲೂ 2016ರಲ್ಲೂ ಸಂಖ್ಯೆಯ ಜಾಗ ಖಾಲಿ ಇತ್ತು. ಮೊದಲ ಬಾರಿ ಆ ಖಾಲಿ ಜಾಗದಲ್ಲಿ 10,000 ಮಕ್ಕಳು ಹಿಡಿಸಿದರು, ಎರಡನೇ ಬಾರಿ 480. ದೇಶ ಬಡವಾಗಿರಲಿಲ್ಲ, ಜನ ಕ್ರೂರರಾಗಿರಲಿಲ್ಲ. ಮೊದಲ ಸಲ ಸಂಖ್ಯೆ ಬರೆಯುವ ಪೆನ್ನು ಮಕ್ಕಳನ್ನು ತರಬೇಕೆಂದವರ ಕೈಯಲ್ಲಿತ್ತು, ದುಡ್ಡೂ ಅವರದೇ. ಎರಡನೇ ಸಲ ಅದು ಬೇಡವೆಂದು ಮತ ಹಾಕಿದವರ ಕೈಯಲ್ಲಿತ್ತು. ಅಂಕಿ ಬಿಡದೆ ಡಬ್ಸ್‌ಗೆ ದಾರಿ ಇರಲಿಲ್ಲ, ಅದು ಸರಿ. ಅಂಕಿಯ ಬದಲು ಒಂದು ಗಡುವನ್ನೋ, ವರ್ಷಕ್ಕೊಮ್ಮೆ ಸಂಸತ್ತಿಗೆ ಲೆಕ್ಕ ಒಪ್ಪಿಸಬೇಕೆಂಬ ಮಾತನ್ನೋ ಆ ವಾಕ್ಯದೊಳಗೆ ಸೇರಿಸಲು ಹಟ ಹಿಡಿದಿದ್ದರೆ ಮುಂದಿನ ಜಗಳಕ್ಕೆ ಕಾಲೂರಲು ನೆಲ ಸಿಗುತ್ತಿತ್ತು. ಗೆಲುವಿನ ಹೊಸ್ತಿಲಲ್ಲಿ ನಿಂತವರಿಗೆ ಇಂಥದ್ದು ಹೊಳೆಯುವುದು ಕಡಿಮೆ.

ಉಳಿದದ್ದು ಕೋರ್ಟು. ಸ್ಥಳೀಯ ಸಂಸ್ಥೆಗಳೊಂದಿಗೆ ನಡೆದ ಸಮಾಲೋಚನೆಯೇ ಸರಿಯಿಲ್ಲ ಎಂದು ‘ಹೆಲ್ಪ್ ರೆಫ್ಯೂಜೀಸ್’ ಸಂಸ್ಥೆ ದಾವೆ ಹೂಡಿತು. 2017ರಲ್ಲಿ ಹೈಕೋರ್ಟು ಒಪ್ಪಲಿಲ್ಲ. 2018ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಸಂಖ್ಯೆಯನ್ನು ಮುಟ್ಟಲಿಲ್ಲ. ಆದರೆ ತಿರಸ್ಕೃತರಾದ ಮಕ್ಕಳಿಗೆ ಕೊಟ್ಟ ಕಾರಣಗಳು ಸಾಲವು ಎಂದಿತು. ಆ 480 ಮಕ್ಕಳನ್ನು ಕರೆತಂದು ಮುಗಿಸುವ ಹೊತ್ತಿಗೆ 2020 ಬಂದಿತ್ತು.

ಅದೇ 2020ರ ಜನವರಿಯಲ್ಲಿ ಡಬ್ಸ್ ಮತ್ತೊಂದು ತಿದ್ದುಪಡಿಯೊಂದಿಗೆ ನಿಂತಿದ್ದರು. ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೂ ಅಲ್ಲಿರುವ ಒಂಟಿ ಮಕ್ಕಳು ಬ್ರಿಟನ್ನಿನಲ್ಲಿರುವ ಬಂಧುಗಳನ್ನು ಸೇರಲು ದಾರಿ ಉಳಿಸಬೇಕೆಂಬುದು ಈ ಸಲದ ಬೇಡಿಕೆ. ಮೇಲ್ಮನೆ ಒಪ್ಪಿತು. ಕೆಳಮನೆಯಲ್ಲಿ ಬೋರಿಸ್ ಜಾನ್ಸನ್‌ಗೆ ಹಿಂದಿನ ತಿಂಗಳಷ್ಟೇ ಎಂಬತ್ತು ಸ್ಥಾನಗಳ ಬಹುಮತ ಬಂದಿತ್ತು. ಕದಲಿಸಬೇಕಾದ ಸಂಸದರ ಸಂಖ್ಯೆ ಯಾವ ಪಾದ್ರಿಯ, ಯಾವ ಹೆಡ್‌ಮಾಸ್ಟರರ ಕೈಗೂ ಎಟುಕದಷ್ಟು ದೊಡ್ಡದಾಗಿತ್ತು. ತಿದ್ದುಪಡಿ ಬಿದ್ದಿತು. ಕಾಯ್ದೆಯಲ್ಲಿ ಉಳಿದದ್ದು, ಈ ವಿಷಯದಲ್ಲಿ ತನ್ನ ನೀತಿ ಏನೆಂದು ಸರ್ಕಾರ ಎರಡು ತಿಂಗಳೊಳಗೆ ಸಂಸತ್ತಿನ ಮುಂದೆ ಒಂದು ಹೇಳಿಕೆ ಇಡಬೇಕೆಂಬ ಮಾತಷ್ಟೇ. 2022ರಲ್ಲಿ ಪೌರತ್ವ ಮತ್ತು ಗಡಿಗಳ ಮಸೂದೆ ಬಂದಾಗ, 89 ವರ್ಷದ ಡಬ್ಸ್ ಕುಟುಂಬ ಸೇರುವ ಹಕ್ಕಿನ ತಿದ್ದುಪಡಿಯನ್ನು ಮತ್ತೆ ಮಂಡಿಸಿದರು. ಮೇಲ್ಮನೆ ಮತ್ತೆ ಒಪ್ಪಿತು, ಕೆಳಮನೆ ಮತ್ತೆ ತಳ್ಳಿಹಾಕಿತು.